ಸಾಫ್ಟ್‌ವೇರ್ ಬಂತು, ಪ್ಲಾನಿಂಗ್ ಮಾತ್ರ ಎಕ್ಸೆಲ್‌ನಲ್ಲೇ ಉಳಿಯಿತು

ಪ್ರಶ್ನೆ: ನಮ್ಮದು ಹಾಸನದಲ್ಲಿ ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಬಿಡಿಸುವುದು) ಮತ್ತು ಪುಡಿ ತಯಾರಿಸುವ ಘಟಕ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯಿಂದ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು), ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಕೊಳ್ಳುತ್ತೇವೆ. ಸ್ವಲ್ಪ ಬೀಜ ಮಂಗಳೂರು ಬಂದರಿನಿಂದ ರಫ್ತಾಗುತ್ತದೆ. ಉಳಿದದ್ದನ್ನು ಹುರಿದು, ಪುಡಿ ಮಾಡಿ ನಮ್ಮ ಡಿಪೋಗಳಿಗೆ ಕಳಿಸುತ್ತೇವೆ. ಕಳೆದ ವರ್ಷ ದೊಡ್ಡ ಮೊತ್ತ ಕೊಟ್ಟು, ಯಾವ ಮಾಲು ಎಷ್ಟು ಕೊಳ್ಳಬೇಕು, ಎಲ್ಲಿಗೆ ಎಷ್ಟು ಕಳಿಸಬೇಕು ಅಂತ ಲೆಕ್ಕ ಹಾಕುವ ಸಪ್ಲೈ ಚೈನ್ ಪ್ಲಾನಿಂಗ್ ಸಾಫ್ಟ್‌ವೇರ್ ಹಾಕಿಸಿದೆವು. ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಬಂದವರು ಎರಡು ದಿನ ತರಬೇತಿ ಕೊಟ್ಟರು. ಈಗ ಏಪ್ರಿಲ್. ಎಲ್ಲರೂ ಮತ್ತೆ ಎಕ್ಸೆಲ್‌ಗೆ ಹೋಗಿದ್ದಾರೆ. ನಮ್ಮ ಹಿರಿಯ ಪ್ಲಾನರ್ ಅಂತೂ, ‘ಅದು ಆ ನಂಬರ್ ಎಲ್ಲಿಂದ ತರುತ್ತೋ ಗೊತ್ತಿಲ್ಲ, ಸಹಿ ಹಾಕೋನು ನಾನು’ ಅನ್ನುತ್ತಾರೆ. ಇನ್ನೊಂದು ಸುತ್ತು ತರಬೇತಿ ಕೊಡಿಸಲೇ? ಎಕ್ಸೆಲ್ ನಿಲ್ಲಿಸಿಬಿಡಲೇ? ವಯಸ್ಸಾದ ಸಿಬ್ಬಂದಿಗೆ ಇದು ಕಲಿಯಲು ಆಗುತ್ತದೆಯೇ?

ಉತ್ತರ: ತರಬೇತಿ ನಡೆದ ಆ ಎರಡು ದಿನ ನಿಮ್ಮ ಗೇಟಿನಲ್ಲಿ ಎಷ್ಟು ಲಾರಿ ನಿಂತಿದ್ದವು ಅಂತ ಸುಮ್ನೆ ಒಮ್ಮೆ ರಿಜಿಸ್ಟರ್ ತೆಗೆದು ನೋಡಿ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು ಜೋರಾಗಿರುವ ಹೊತ್ತು, ಅದರ ಬೆನ್ನಿಗೇ ರೋಬಸ್ಟಾ. ಖರೀದಿಯವರ ಕಿವಿಯಿಂದ ಫೋನ್ ಇಳಿಯುವುದಿಲ್ಲ. ಅಂಥ ದಿನಗಳಲ್ಲಿ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸಿದರೆ ಯಾರ ತಲೆಗೆ ಹೋಗುತ್ತದೆ? ಬಂದವರು ಸಹಿ ಹಾಕಿ, ಊಟ ಮಾಡಿ, ಸಂಜೆಗೆ ಲಾರಿ ಲೆಕ್ಕಕ್ಕೆ ಓಡಿರುತ್ತಾರೆ.

ಹೊಸ ಸಿಸ್ಟಮ್ಮನ್ನು ಸೀಸನ್ ಹೊತ್ತಿಗೆ ಶುರು ಮಾಡಿ ಕೈಸುಟ್ಟುಕೊಂಡವರಲ್ಲಿ ಬಹಳ ದೊಡ್ಡವರಿದ್ದಾರೆ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರ ಜುಲೈನಲ್ಲಿ ಮೂರು ದೊಡ್ಡ ಸಾಫ್ಟ್‌ವೇರ್‌ಗಳನ್ನು ಒಟ್ಟಿಗೆ ಚಾಲೂ ಮಾಡಿತು. ಅಲ್ಲಿ ಹ್ಯಾಲೋವೀನ್ ಹಬ್ಬದ ಆರ್ಡರ್‌ಗಳು ಬಂದು ಬೀಳುವ ಸಮಯ ಅದು. ಗೋಡೌನ್‌ನಲ್ಲಿ ಮಾಲು ಇತ್ತು. ಆದರೂ ಹತ್ತು ಕೋಟಿ ಡಾಲರ್‌ನಷ್ಟು ಆರ್ಡರ್ ತಲುಪಿಸಲು ಆಗಲಿಲ್ಲ. ನಾಲ್ಕು ವರ್ಷದ ಕೆಲಸವನ್ನು ಎರಡೂವರೆ ವರ್ಷಕ್ಕೆ ಅದುಮಿದ್ದರು. ಜನ ಹೊಸ ಸಿಸ್ಟಮ್‌ಗೆ ಪಳಗಲು ಬೇಕಾದ ಸಮಯ ಅದರಲ್ಲೇ ಕರಗಿತ್ತು.

ನಿಮ್ಮ ಅದೃಷ್ಟಕ್ಕೆ ಈಗ ಮುಂದೆ ಮಳೆಗಾಲ ಇದೆ. ಕ್ಯೂರಿಂಗ್ ಕೆಲಸ ಇಳಿಮುಖವಾಗುತ್ತದೆ, ಹೊಸ ಬೆಳೆ ಗಿಡದಲ್ಲಿರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮನಸ್ಸಿಟ್ಟು ಕಲಿಸಬಹುದು. ಇನ್ನೊಂದು ಸುತ್ತು ತರಬೇತಿ ಬೇಕು, ಖಂಡಿತ ಬೇಕು. ಆದರೆ ಹೋದ ಸಲದಂಥದ್ದೇ ಬೇಡ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರುವ ಮಾತು ಆ ಹಿರಿಯರದ್ದೇ. ಅದನ್ನು ನೀವು ದೂರು ಅಂತ ಬರೆದಿದ್ದೀರಿ. ನಾನು ಅದನ್ನೇ ಪಠ್ಯಕ್ರಮ ಅನ್ನುತ್ತೇನೆ. ನಂಬರ್ ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ಸಹಿ ಹಾಕುವವನು ಒಳ್ಳೆಯ ಪ್ಲಾನರ್ ಅಲ್ಲವೇ ಅಲ್ಲ. ಸಾಮಾನ್ಯವಾಗಿ ಈ ತರಬೇತಿಗಳಲ್ಲಿ ಏನಾಗುತ್ತದೆ ಅಂದರೆ, ಯಾವ ಮೆನು ಒತ್ತಬೇಕು, ಯಾವ ಸ್ಕ್ರೀನ್ ತೆರೆಯಬೇಕು, ಎಲ್ಲಿ ಸೇವ್ ಮಾಡಬೇಕು ಅನ್ನುವುದನ್ನೇ ಕಲಿಸುತ್ತಾರೆ. ಅದು ಒಂದು ವಾರದಲ್ಲಿ ಮರೆತುಹೋಗುತ್ತದೆ. ಮರೆತರೂ ಪರವಾಗಿಲ್ಲ, ಪಕ್ಕದವರನ್ನು ಕೇಳಿದರೆ ಆಯಿತು. ಕಲಿಸಬೇಕಾದ್ದು ಸ್ಕ್ರೀನಿನ ಹಿಂದಿನ ಲೆಕ್ಕ.

ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. ಇದನ್ನೇ ಮೊದಲ ಪಾಠ ಮಾಡಿಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಒಂದೇ ಬಗೆಯ ರೋಬಸ್ಟಾ ಚೆರ್ರಿ ಅಂದುಕೊಳ್ಳೋಣ, ಡಿಪೋದಲ್ಲಿ ಹಳೆ ಸ್ಟಾಕ್ ಇಲ್ಲ ಅಂದುಕೊಳ್ಳೋಣ.

ಒಂದು ವಾರಕ್ಕೆ 80:20 ಬ್ಲೆಂಡ್ ಪುಡಿ 5,000 ಕೆ.ಜಿ. ಬೇಕು. ಅಂದರೆ ಹುರಿದ ಕಾಫಿ 4,000 ಕೆ.ಜಿ., ಚಿಕೋರಿ 1,000 ಕೆ.ಜಿ. ಸಾಫ್ಟ್‌ವೇರ್ ಹೇಳುತ್ತದೆ: 200 ಮೂಟೆ ಚೆರ್ರಿ ಕೊಳ್ಳಿ. ನಿಮ್ಮ ಹಿರಿಯರು ಬಾಯಿಲೆಕ್ಕದಲ್ಲೇ ಹೇಳುತ್ತಾರೆ: ‘ಅಷ್ಟು ಬೇಡ, 185 ಸಾಕು.’ ಇಲ್ಲಿಗೆ ಬಂದಾಗ ಹೆಚ್ಚಿನ ಕಡೆ ಎರಡರಲ್ಲಿ ಒಂದಾಗುತ್ತದೆ. ಒಂದೋ ಟ್ರೇನರ್ ‘ಸಿಸ್ಟಮ್ ಹೇಳಿದ ಹಾಗೆ ಮಾಡಿ ಸಾರ್’ ಅನ್ನುತ್ತಾರೆ, ಇಲ್ಲವೇ ಹಿರಿಯರು ಲ್ಯಾಪ್‌ಟಾಪ್ ಮುಚ್ಚುತ್ತಾರೆ. ನೀವು ಎರಡನ್ನೂ ಬಿಟ್ಟು ಎಲ್ಲರ ಕೈಗೂ ಪೆನ್ನು, ಹಾಳೆ ಕೊಡಿ.

ಹುರಿಯುವಾಗ ತೂಕ ಇಳಿಯುತ್ತದೆ. ನಿಮ್ಮ ರೋಸ್ಟರ್‌ನಲ್ಲಿ ನೂರಕ್ಕೆ 16 ಇಳಿಯುತ್ತದೆ ಅಂತಿಟ್ಟುಕೊಳ್ಳಿ. 4,000 ಕೆ.ಜಿ. ಹುರಿದ ಕಾಫಿ ಬರಬೇಕಾದರೆ ಹಸಿ (ಹುರಿಯದ) ಬೀಜ ಸುಮಾರು 4,762 ಕೆ.ಜಿ. ಬೇಕು. ಚೆರ್ರಿಯ ಔಟ್‌ಟರ್ನ್, ಅಂದರೆ ಅದರಿಂದ ಸಿಗುವ ಬೀಜ, 50 ಕೆ.ಜಿ. ಮೂಟೆಗೆ 26 ಕೆ.ಜಿ. ಅಂತ ಹಿಡಿದರೆ 184 ಮೂಟೆ. ಹಿರಿಯರ ಬಾಯಿಲೆಕ್ಕ ಹತ್ತಿರವೇ ಇದೆ. ಹಾಗಾದರೆ ಸಾಫ್ಟ್‌ವೇರ್‌ಗೆ 200 ಎಲ್ಲಿಂದ ಬಂತು? ಮಾಸ್ಟರ್ ಡೇಟಾ (ಸಿಸ್ಟಮ್‌ಗೆ ಮೊದಲೇ ತುಂಬಿಟ್ಟ ಮೂಲ ಅಂಕಿಗಳು) ತೆರೆದು ನೋಡಿ. ಅಲ್ಲಿ ಹುರಿಯುವ ನಷ್ಟ 20 ಅಂತಲೂ ಔಟ್‌ಟರ್ನ್ 25 ಅಂತಲೂ ಕೂತಿರುತ್ತದೆ. ಯಾರೋ ಮೊದಲ ದಿನ ಸುರಕ್ಷಿತವಾಗಿರಲಿ ಅಂತ ರೌಂಡ್ ಫಿಗರ್ ಹಾಕಿದ್ದಾರೆ. 4,000ಕ್ಕೆ 5,000 ಕೆ.ಜಿ. ಬೀಜ, 5,000ಕ್ಕೆ 200 ಮೂಟೆ. ಸಾಫ್ಟ್‌ವೇರ್‌ನ ಗುಣಾಕಾರ, ಭಾಗಾಕಾರ ಸರಿಯಾಗೇ ಇತ್ತು. ಕೊಟ್ಟ ಅಂಕಿ ತಪ್ಪಿತ್ತು. ವಾರಕ್ಕೆ 16 ಮೂಟೆ ಜಾಸ್ತಿ ಅಂದರೆ 800 ಕೆ.ಜಿ. ಚೆರ್ರಿ. ಈಗಿನ ರೇಟಿಗೆ ಅದು ಎಷ್ಟು ದುಡ್ಡು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಒಂದು ಲೆಕ್ಕ ಮುಗಿಯುವಷ್ಟರಲ್ಲಿ ಕೋಣೆಯ ಗಾಳಿಯೇ ಬದಲಾಗುತ್ತದೆ. ರೋಸ್ಟಿಂಗ್‌ನವರು ‘ಬೇರೆ ಬ್ಲೆಂಡ್‌ಗೆ ಹದಿನೇಳು ಬೀಳುತ್ತೆ, ಅದನ್ನೂ ಬರೆದುಕೊಳ್ಳಿ’ ಅನ್ನುತ್ತಾರೆ. ಖರೀದಿಯವರು ‘ಮಳೆ ಹೊಡೆದ ವರ್ಷ ಔಟ್‌ಟರ್ನ್ 26 ಎಲ್ಲಿ ಬರುತ್ತೆ?’ ಅಂತ ಜಗಳ ತೆಗೆಯುತ್ತಾರೆ. ತೆಗೆಯಲಿ. ಅದೇ ತರಬೇತಿ. ಪ್ರತಿಯೊಂದು ಅಂಕಿಗೂ ಒಬ್ಬ ವಾರಸುದಾರ ಇರಬೇಕು. ಹುರಿಯುವ ನಷ್ಟಕ್ಕೆ ರೋಸ್ಟಿಂಗ್ ಮೇಲ್ವಿಚಾರಕ, ಔಟ್‌ಟರ್ನ್‌ಗೆ ಕ್ಯೂರಿಂಗ್‌ನವರು, ಲಾರಿ ತಲುಪುವ ದಿನಕ್ಕೆ ಡಿಸ್ಪ್ಯಾಚ್‌ನವರು. ತಾನು ಕೊಟ್ಟ ಅಂಕಿ ಇಡೀ ಪ್ಲಾನ್‌ನಲ್ಲಿ ಎಲ್ಲೆಲ್ಲಿ ಓಡಾಡುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡಿದವರು ಆಮೇಲೆ ಅಂದಾಜಿಗೆ ಅಂಕಿ ತುಂಬುವುದಿಲ್ಲ.

ಮೂಟೆ ಅಂದಾಗ ಇನ್ನೊಂದು ಸಂಗತಿ. ತೋಟದವರ ಲೆಕ್ಕದಲ್ಲಿ ಮೂಟೆ 50 ಕೆ.ಜಿ., ರಫ್ತಿನ ಲೆಕ್ಕದಲ್ಲಿ 60 ಕೆ.ಜಿ. ಇಪ್ಪತ್ತು ಅಡಿ ಕಂಟೇನರ್‌ಗೆ 60 ಕೆ.ಜಿ.ಯ 320 ಮೂಟೆ, ಅಂದರೆ 19.2 ಟನ್. ಸಿಸ್ಟಮ್‌ನಲ್ಲಿ ‘ಬ್ಯಾಗ್’ ಅಂತ ಒಂದೇ ಅಳತೆ ಇಟ್ಟಿದ್ದರೆ ಗೋಡೌನ್ ಲೆಕ್ಕ, ರಫ್ತು ಲೆಕ್ಕ ಎಂದಿಗೂ ಕೂಡುವುದಿಲ್ಲ. ಕ್ಯಾಲೆಂಡರ್ ಕೂಡ ನೋಡಿ. ಎಷ್ಟೋ ಕಡೆ ಸಾಫ್ಟ್‌ವೇರ್ ಹಾಕಿದವರು ಇಟ್ಟ ಕ್ಯಾಲೆಂಡರೇ ಹಾಗೇ ಉಳಿದಿರುತ್ತದೆ. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಪೇಟೆ ಒಳಗೆ ಲಾರಿ ನುಗ್ಗಿಸುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು, ಬೆಂಗಳೂರಿನ ಕನ್ಸಲ್ಟೆಂಟ್‌ಗೆ ಗೊತ್ತಿರುವುದಿಲ್ಲ. ಸಾಫ್ಟ್‌ವೇರ್‌ಗಂತೂ ನೀವು ಹೇಳದೆ ಗೊತ್ತಾಗುವುದೇ ಇಲ್ಲ.

ಇನ್ನು, ಎಲ್ಲರಿಗೂ ಒಂದೇ ತರಬೇತಿ ಕೊಡಬೇಡಿ. ಡಿಪೋ ನೋಡಿಕೊಳ್ಳುವವರಿಗೆ ಬೇಕಾದ್ದು ಎರಡೇ ಸ್ಕ್ರೀನ್: ತನ್ನ ಸ್ಟಾಕ್, ತನಗೆ ಬರುವ ಮಾಲು. ಅವರನ್ನು ಎರಡು ದಿನ ಕೂರಿಸಿ ಸೇಫ್ಟಿ ಸ್ಟಾಕ್ (ಆಪತ್ತಿಗೆ ಅಂತ ಇಟ್ಟುಕೊಳ್ಳುವ ಮಾಲು) ಸೂತ್ರ ಕಲಿಸುವುದು ಶಿಕ್ಷೆ. ಅರ್ಧ ದಿನ ಸಾಕು. ದಿನವೂ ಪ್ಲಾನ್ ಮಾಡುವ ಮೂರ್ನಾಲ್ಕು ಜನರಿಗೆ ಮಾತ್ರ ಆಳವಾಗಿ ಕಲಿಸಿ. ಅವರಿಗೆ ಎರಡು ದಿನ ಏನೇನೂ ಸಾಲದು. ನೈಕಿ ಕಂಪನಿಯ ಕಥೆ ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. 2001ರ ಹೊತ್ತಿಗೆ ಬೇಡಿಕೆ ಅಂದಾಜು ಮಾಡುವ ಹೊಸ ಸಾಫ್ಟ್‌ವೇರ್ ಕೈಕೊಟ್ಟು, ಬೇಡದ ಶೂ ಜಾಸ್ತಿ, ಬೇಕಾದ ಶೂ ಕಡಿಮೆ ಆಗಿ ಅವರ ಮಾರಾಟದಲ್ಲಿ ಸುಮಾರು ಹತ್ತು ಕೋಟಿ ಡಾಲರ್ ಖೋತಾ ಆಯಿತು. ಮುಂದಿನ ಸಿಸ್ಟಮ್ ಹಾಕುವಾಗ ಅಮೆರಿಕದ ಗ್ರಾಹಕ ವಿಭಾಗದ ಒಬ್ಬೊಬ್ಬ ನೌಕರನಿಗೂ 140ರಿಂದ 180 ಗಂಟೆ ತರಬೇತಿ ಕೊಟ್ಟರು. ಅದು ಮುಗಿಯುವವರೆಗೆ ಲಾಗಿನ್ನೇ ಇಲ್ಲ. ನಿಮಗೆ ಅಷ್ಟು ಬೇಕು ಅಂತ ಹೇಳುತ್ತಿಲ್ಲ. ಆದರೆ ಎರಡು ದಿನ ಅಂದರೆ ಊಟ, ಕಾಫಿ ಕಳೆದು ಹನ್ನೆರಡು ಗಂಟೆ. ಅಷ್ಟರಲ್ಲಿ ಕಾರು ಬಿಡುವುದೂ ಬರುವುದಿಲ್ಲ, ಅಲ್ವಾ?

ಆ ಮೂರ್ನಾಲ್ಕು ಜನಕ್ಕೆ ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಗಂಟೆ, ನಾಲ್ಕು ತಿಂಗಳು. ಪಾಠ ಕನ್ನಡದಲ್ಲೇ ಇರಲಿ, ಬಟನ್ ಹೆಸರು ಇಂಗ್ಲಿಷ್‌ನಲ್ಲಿದ್ದರೂ ಏನೂ ತೊಂದರೆ ಇಲ್ಲ. ನಿಮ್ಮದೇ ಡೇಟಾ ಹಾಕಿದ ಟೆಸ್ಟ್ ಸಿಸ್ಟಮ್ ಬೇಕು. ಕಂಪನಿಯವರ ಡೆಮೊದಲ್ಲಿ ಸೈಕಲ್ಲೋ ಲ್ಯಾಪ್‌ಟಾಪೋ ಇರುತ್ತದೆ. ಅದರಲ್ಲಿ ಕಲಿತದ್ದು ಕಾಫಿಗೆ ಹೊಂದುವುದಿಲ್ಲ. ನಿಮ್ಮದೇ ಕೋಡ್, ನಿಮ್ಮದೇ ಡಿಪೋ ಹೆಸರು ಸ್ಕ್ರೀನ್ ಮೇಲೆ ಕಂಡರೆ ಜನ ಮುಂದೆ ಬಾಗಿ ನೋಡುತ್ತಾರೆ.

ಟೆಸ್ಟ್ ಸಿಸ್ಟಮ್‌ನಲ್ಲಿ ಮಾಡಿಸಬೇಕಾದ್ದು ಆಪತ್ತುಗಳ ಅಭ್ಯಾಸ. ಎಲ್ಲ ಸರಿಯಾಗಿರುವ ವಾರವನ್ನು ಪ್ಲಾನ್ ಮಾಡಲು ಸಾಫ್ಟ್‌ವೇರ್ ಏಕೆ ಬೇಕು? ಒಂದು ಸೋಮವಾರ ಹೀಗೆ ಹೇಳಿ: ‘ದೋಣಿಗಾಲ್ ಹತ್ತಿರ ಗುಡ್ಡ ಕುಸಿದಿದೆ, ಶಿರಾಡಿ ಘಾಟ್ ಐದು ದಿನ ಬಂದ್. ಮಂಗಳೂರಿನಲ್ಲಿ ಹಡಗಿಗೆ ಎರಡು ಕಂಟೇನರ್ ತಲುಪಬೇಕು, ಕರಾವಳಿ ಡಿಪೋಗೆ ಪುಡಿ ಹೋಗಬೇಕು.’ ಚಾರ್ಮಾಡಿಯಲ್ಲಿ ಭಾರೀ ವಾಹನ ಬಿಡುವುದಿಲ್ಲ, ಮಡಿಕೇರಿ ಮೇಲೆ ಸಂಪಾಜೆಯಲ್ಲಿ ಇಳಿಯಬೇಕೆಂದರೆ ಸುತ್ತು. ಈಗ ಸಿಸ್ಟಮ್‌ನಲ್ಲಿ ಲೀಡ್ ಟೈಮ್ (ಮಾಲು ತಲುಪಲು ಹಿಡಿಯುವ ದಿನ) ಎಲ್ಲಿ ಬದಲಿಸುತ್ತೀರಿ? ಬದಲಿಸಿದ ಮೇಲೆ ಯಾವ ಆರ್ಡರ್ ಕೆಂಪಾಯಿತು? ರಸ್ತೆ ತೆರೆದ ಮೇಲೆ ಹಳೆ ಅಂಕಿಗೆ ವಾಪಸ್ ತರುವವರು ಯಾರು? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಜುಲೈನಲ್ಲಿ ಹಾಕಿದ ಐದು ದಿನದ ಲೀಡ್ ಟೈಮ್ ಯಾರೂ ತೆಗೆಯದೆ ಜನವರಿವರೆಗೆ ಉಳಿದರೆ, ಕರಾವಳಿ ಡಿಪೋದಲ್ಲಿ ಸುಮ್ಮನೆ ಪುಡಿ ಗುಡ್ಡೆ ಬೀಳುತ್ತದೆ. ಪುಡಿ ಹಳೆಯದಾದರೆ ಘಮ ಹೋಯಿತು.

ಮತ್ತೊಂದು ದಿನ ಜನವರಿಯಲ್ಲಿ ಅಕಾಲ ಮಳೆ ಅನ್ನಿ: ಕಣದಲ್ಲಿ ಹಣ್ಣು ಒಣಗುತ್ತಿಲ್ಲ, ಚೆರ್ರಿ ಒಂದು ವಾರ ತಡ. ಇನ್ನೊಂದು ದಿನ ರೋಸ್ಟರ್ ಕೆಟ್ಟಿತು. ನಿಮ್ಮ ಹಿರಿಯ ಪ್ಲಾನರ್‌ಗೆ ಇಂಥವು ಇಪ್ಪತ್ತು ನೆನಪಿರುತ್ತವೆ. ಆ ಪಟ್ಟಿ ಅವರಿಂದಲೇ ಬರೆಸಿ.

ಇಲ್ಲಿಗೆ ವಯಸ್ಸಾದವರ ಪ್ರಶ್ನೆಯೂ ಬಂತು. ಕಲಿಯಲು ಆಗುತ್ತದೆ. ಆದರೆ ಇಪ್ಪತ್ತೈದರ ಹುಡುಗನ ಮುಂದೆ ಮೌಸ್ ಹಿಡಿದು ತಡವರಿಸುವುದಕ್ಕೆ ಅವರಿಗೆ ಮುಜುಗರ. ಅದನ್ನು ಜನ ‘ನನಗೆ ಇದರಲ್ಲಿ ನಂಬಿಕೆ ಇಲ್ಲ’ ಅಂತ ಹೇಳುತ್ತಾರೆ. ಒಂದು ಮೇಜಿಗೆ ಇಬ್ಬರನ್ನು ಕೂರಿಸಿ, ಕೀಬೋರ್ಡ್ ಹುಡುಗನ ಕೈಯಲ್ಲಿರಲಿ, ತೀರ್ಮಾನ ಹಿರಿಯರ ಬಾಯಲ್ಲಿರಲಿ. ಹುಡುಗ ‘ಸಾರ್, ಇಲ್ಲಿ 200 ಅಂತಿದೆ’ ಅನ್ನಲಿ, ಅವರು ‘ಯಾಕೆ?’ ಅನ್ನಲಿ. ಸ್ವಲ್ಪ ದಿನ ಕಳೆದ ಮೇಲೆ ಹಿರಿಯರೇ ಕೈ ಚಾಚಿ ಮೌಸ್ ತಗೋತಾರೆ. ಅವರಾಗಿ ತಗೊಳ್ಳುವವರೆಗೆ ಕೊಡಬೇಡಿ. ಐ.ಟಿ. ವಿಭಾಗದ ಹುಡುಗನೊಬ್ಬನನ್ನೇ ಒಳಗಿನ ತರಬೇತುದಾರ ಮಾಡುವುದು ಕಂಪನಿಗಳ ಸಾಮಾನ್ಯ ರೂಢಿ. ಅವನು ಪಾಸ್‌ವರ್ಡ್ ಸರಿ ಮಾಡಿಕೊಡುತ್ತಾನೆ. ಹಬ್ಬ, ಮದುವೆ ಸೀಸನ್ ಹೊತ್ತಿಗೆ ಯಾವ ಡಿಪೋದಲ್ಲಿ ಯಾವ ಪ್ಯಾಕೆಟ್ ಓಡುತ್ತದೆ ಅಂತ ಅವನಿಗೆ ಗೊತ್ತಿಲ್ಲ.

ಒಂದು ಮಧ್ಯಾಹ್ನ ಆಟವನ್ನೂ ಆಡಿಸಿ. ಅಮೆರಿಕದ ಎಂ.ಐ.ಟಿ.ಯ ಸ್ಲೋನ್ ಸ್ಕೂಲ್‌ನಲ್ಲಿ 1960ರ ದಶಕದಲ್ಲಿ ಹುಟ್ಟಿದ ಆಟ, ಹೆಸರು ಬಿಯರ್ ಗೇಮ್. ಹೆಸರು ಕೇಳಿ ಎಚ್.ಆರ್.ನವರು ಗಾಬರಿ ಬೀಳುವುದು ಬೇಡ, ನೀವು ಕಾಫಿ ಪ್ಯಾಕೆಟ್ ಇಟ್ಟು ಆಡಬಹುದು. ಅಂಗಡಿ, ಸಗಟು ವ್ಯಾಪಾರಿ, ವಿತರಕ, ಫ್ಯಾಕ್ಟರಿ ಅಂತ ನಾಲ್ಕು ಮೇಜು. ಮಾತಾಡುವಂತಿಲ್ಲ. ಚೀಟಿಯಲ್ಲಿ ಆರ್ಡರ್ ಮಾತ್ರ. ಮಾಲು ತಲುಪಲು ಎರಡು ಸುತ್ತು ತಡ. ಗಿರಾಕಿಯ ಬೇಡಿಕೆ ಕೆಲವು ಸುತ್ತು 4 ಇದ್ದು, ಒಮ್ಮೆ 8ಕ್ಕೆ ಏರಿ ಕೊನೆವರೆಗೂ 8ರಲ್ಲೇ ನಿಲ್ಲುತ್ತದೆ. ಅಷ್ಟೇ ಬದಲಾವಣೆ. ಆದರೂ ಫ್ಯಾಕ್ಟರಿ ಮೇಜಿನವರಿಗೆ 20, 30ರ ಆರ್ಡರ್ ಬರುತ್ತದೆ, ಆಮೇಲೆ ಸೊನ್ನೆ. ಎಲ್ಲರೂ ಪಕ್ಕದ ಮೇಜಿನವರನ್ನು ಬೈಯುತ್ತಾರೆ. ಕೊನೆಗೆ ಚೀಟಿ ಬಿಚ್ಚಿ ತೋರಿಸಿದಾಗ, ಎಲ್ಲ ಡಿಪೋಗಳ ನಿಜವಾದ ಮಾರಾಟ ಒಂದೇ ಸ್ಕ್ರೀನಿನಲ್ಲಿ ಕಾಣಬೇಕು ಅಂತ ನೀವು ಯಾಕೆ ಇಷ್ಟು ದುಡ್ಡು ಕೊಟ್ಟಿರಿ ಅನ್ನುವುದು ಗೋಡೌನ್‌ನವರಿಗೂ ತಿಳಿಯುತ್ತದೆ.

ಸಾಫ್ಟ್‌ವೇರ್ ಒಂದು ಹೇಳಿ, ಪ್ಲಾನರ್ ಇನ್ನೊಂದು ಹೇಳಿದರೆ ಯಾರ ಮಾತು ನಡೆಯಬೇಕು? ಪ್ಲಾನರ್ ಮಾತು, ಆದರೆ ಒಂದು ಷರತ್ತಿನ ಮೇಲೆ: ಬದಲಿಸಿದ ಕಾರಣವನ್ನು ಒಂದು ಸಾಲಿನಲ್ಲಿ ಸಿಸ್ಟಮ್‌ನಲ್ಲೇ ಬರೆಯಬೇಕು. ‘ಬೇಲೂರು ಜಾತ್ರೆ’, ‘ದೊಡ್ಡ ಹೋಟೆಲ್ ಆರ್ಡರ್ ಹೋಯಿತು’, ಹೀಗೆ. ಎಂಟು ವಾರ ಕಳೆದ ಮೇಲೆ ಮೂರು ಕಾಲಂ ಪಕ್ಕಪಕ್ಕ ಇಡಿ: ಸಾಫ್ಟ್‌ವೇರ್ ಹೇಳಿದ್ದು, ಪ್ಲಾನರ್ ಹೇಳಿದ್ದು, ನಿಜವಾಗಿ ಮಾರಾಟವಾದದ್ದು. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬ್ರಿಟನ್‌ನ ಸಂಶೋಧಕರಾದ ರಾಬರ್ಟ್ ಫೈಲ್ಡ್ಸ್, ಪಾಲ್ ಗುಡ್ವಿನ್ ಮತ್ತು ಸಂಗಡಿಗರು ನಾಲ್ಕು ಕಂಪನಿಗಳ 60,000ಕ್ಕೂ ಹೆಚ್ಚು ಅಂದಾಜುಗಳನ್ನು ಹೀಗೇ ಹೋಲಿಸಿ 2009ರಲ್ಲಿ ಪ್ರಕಟಿಸಿದರು. ಜನ ದೊಡ್ಡದಾಗಿ ತಿದ್ದಿದಾಗ ಅಂದಾಜು ಸಾಮಾನ್ಯವಾಗಿ ಸುಧಾರಿಸಿತ್ತು, ಯಾಕೆಂದರೆ ಅವರಿಗೆ ಏನೋ ಖಚಿತ ಸುದ್ದಿ ಗೊತ್ತಿರುತ್ತಿತ್ತು. ಚಿಕ್ಕಪುಟ್ಟ ತಿದ್ದುಪಡಿಯಿಂದ ಲಾಭವಾಗಿರಲಿಲ್ಲ, ಎಷ್ಟೋ ಸಲ ಕೆಟ್ಟಿತ್ತು. ಮೇಲಕ್ಕೆ ತಿದ್ದಿದ್ದಕ್ಕಿಂತ ಕೆಳಕ್ಕೆ ತಿದ್ದಿದ್ದು ಜಾಸ್ತಿ ಸರಿಯಾಗಿತ್ತು. ‘ಈ ತಿಂಗಳು ಚೆನ್ನಾಗಿ ಹೋಗುತ್ತೆ ಬಿಡಿ’ ಅನ್ನುವ ಉತ್ಸಾಹ ಎಲ್ಲ ದೇಶದಲ್ಲೂ ಒಂದೇ ಅಂತ ಕಾಣುತ್ತದೆ. ನಿಮ್ಮ ಹಿರಿಯರಿಗೆ ಇದನ್ನು ಹೀಗೆ ಹೇಳಿ: ನಾಲ್ಕೈದು ಮೂಟೆಯ ವ್ಯತ್ಯಾಸಕ್ಕೆ ಕೈ ಹಾಕಬೇಡಿ, ನಿಮಗೆ ನಿಜವಾಗಿ ಸುದ್ದಿ ಗೊತ್ತಿದ್ದಾಗ ಧೈರ್ಯವಾಗಿ ಬದಲಿಸಿ. ಅವರ ಅನುಭವಕ್ಕೆ ಮರ್ಯಾದೆಯೂ ಉಳಿಯುತ್ತದೆ, ಸಿಸ್ಟಮ್‌ಗೂ ಜಾಗ ಸಿಗುತ್ತದೆ.

ಎಚ್ಚರಿಕೆ ಸಂದೇಶಗಳ ಬಗ್ಗೆಯೂ ಒಂದು ಮಾತು. ಬೆಳಗ್ಗೆ ಲಾಗಿನ್ ಆದರೆ ಮುನ್ನೂರು ಕೆಂಪು ಸಾಲು ಇರುತ್ತವೆ. ಹೊಸಬರು ಮೊದಲ ದಿನ ಎಲ್ಲವನ್ನೂ ನೋಡುತ್ತಾರೆ, ಎರಡನೇ ವಾರದಿಂದ ಯಾವುದನ್ನೂ ನೋಡುವುದಿಲ್ಲ. ಈ ವಾರ ಗಿರಾಕಿಗೆ ಮಾಲು ತಪ್ಪುವಂಥದ್ದು ಮೊದಲು, ದುಡ್ಡು ಜಾಸ್ತಿ ಕಟ್ಟಿಹಾಕುವಂಥದ್ದು ಆಮೇಲೆ, ಉಳಿದದ್ದು ಶನಿವಾರಕ್ಕೆ. ಸಾಫ್ಟ್‌ವೇರ್ ಕಂಪನಿಯವರಿಗೆ ಹೇಳಿ ಆ ಕ್ರಮದಲ್ಲೇ ಪಟ್ಟಿ ಬರುವಂತೆ ಮಾಡಿಸಿಕೊಳ್ಳಿ.

ಎಕ್ಸೆಲ್ ನಿಲ್ಲಿಸಲೇ ಅಂದಿರಿ. ಆದೇಶ ಹೊರಡಿಸಿ ನಿಲ್ಲಿಸಲು ಹೋಗಬೇಡಿ. ಪೆನ್‌ಡ್ರೈವ್‌ನಲ್ಲಿ ಕದ್ದು ಇಟ್ಟುಕೊಳ್ಳುತ್ತಾರೆ, ಅಷ್ಟೇ. ಎಕ್ಸೆಲ್ ಬದುಕಿರುವುದು ಪ್ಲಾನರ್‌ಗಳಿಂದ ಅಲ್ಲ, ಮೇಲಿನವರಿಂದ. ಸೋಮವಾರದ ಮೀಟಿಂಗ್‌ನಲ್ಲಿ ಮಾಲೀಕರು ‘ಆ ಶೀಟ್ ವಾಟ್ಸಾಪ್ ಮಾಡಪ್ಪ’ ಅಂದ ಕ್ಷಣಕ್ಕೆ ತರಬೇತಿಯೆಲ್ಲ ನೀರುಪಾಲು. ಮೀಟಿಂಗ್‌ನಲ್ಲಿ ಪ್ರೊಜೆಕ್ಟರ್ ಮೇಲೆ ಸಾಫ್ಟ್‌ವೇರ್ ಸ್ಕ್ರೀನೇ ತೆರೆದಿರಲಿ. ಅಲ್ಲಿ ಇಲ್ಲದ ಅಂಕಿಯನ್ನು ಯಾರೂ ಕೇಳದಿರಲಿ. ಮಾಲೀಕರಿಗೂ ಎರಡು ಗಂಟೆಯ ಪಾಠ ಇಡಿ. ಅವರಿಗೆ ಬಿಡುವಿಲ್ಲ ಅಂದರೆ ಉಳಿದವರಿಗೂ ಬಿಡುವಿರುವುದಿಲ್ಲ. ಎರಡನ್ನೂ ಜೊತೆಯಾಗಿ ನಡೆಸುವ ಅವಧಿಗೆ ಒಂದು ಕೊನೆ ದಿನ ಗೊತ್ತುಮಾಡಿ. ಅಕ್ಟೋಬರ್ ಕೊನೆ ಸರಿ ಅನಿಸುತ್ತದೆ, ಹೊಸ ಚೆರ್ರಿ ಬರುವ ಮುಂಚೆ. ತಕ್ಷಣಕ್ಕೆ ಲೆಕ್ಕ ಹಾಕಿಕೊಳ್ಳಲು ಎಕ್ಸೆಲ್ ಇದ್ದರೆ ಇರಲಿ ಬಿಡಿ.

ತರಬೇತಿ ಫಲಿಸಿತೋ ಇಲ್ಲವೋ ನೋಡಲು ಫೀಡ್‌ಬ್ಯಾಕ್ ಫಾರಂ ನಂಬಬೇಡಿ. ಅದರಲ್ಲಿ ಎಲ್ಲರೂ ‘ತುಂಬಾ ಚೆನ್ನಾಗಿತ್ತು’ ಅಂತ ಬರೆದು ಮನೆಗೆ ಹೋಗುತ್ತಾರೆ. ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲೇ ಇದನ್ನು ನಾಲ್ಕು ಹಂತವಾಗಿ ಬಿಡಿಸಿಟ್ಟಿದ್ದರು: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಫಲ ಬಂತೇ. ನಮ್ಮಲ್ಲಿ ಬಹಳ ಜನ ಮೊದಲ ಹಂತಕ್ಕೇ ನಿಲ್ಲಿಸುತ್ತಾರೆ. ನೀವು ಮೂರನೆಯದನ್ನು ನೋಡಿ. ವಾರಕ್ಕೆ ಎಷ್ಟು ಖರೀದಿ ಆರ್ಡರ್ ಸಿಸ್ಟಮ್‌ನ ಸಲಹೆಯಿಂದ ಹೊರಟವು, ಎಷ್ಟು ಹೊರಗಿನಿಂದ ಬಂದವು ಅನ್ನುವ ಒಂದೇ ಅಂಕಿ ಸಾಕು.

ಕೊನೆಯದಾಗಿ ದುಡ್ಡಿನ ವಿಷಯ. ಹೊಸ ತರಬೇತಿಗೆ ಸಾಫ್ಟ್‌ವೇರ್ ಕಂಪನಿಯವರು ಮೂರು ದಿನದ ರಿಫ್ರೆಶರ್ ಪ್ಯಾಕೇಜ್ ಕೊಡುತ್ತೇವೆ ಅನ್ನುತ್ತಾರೆ. ಅದನ್ನು ತಗೋಬೇಡಿ. ಅದೇ ಮೊತ್ತಕ್ಕೆ ಬೇರೆ ಎರಡು ಕೇಳಿ: ನಿಮ್ಮ ಡೇಟಾ ಇರುವ ಟೆಸ್ಟ್ ಸಿಸ್ಟಮ್ ಅಕ್ಟೋಬರ್‌ವರೆಗೆ, ಮತ್ತು ಅವರಲ್ಲಿ ಪ್ಲಾನಿಂಗ್ ಗೊತ್ತಿರುವ ಒಬ್ಬರು ಸೀಸನ್ ಶುರುವಾದ ಮೇಲಿನ ಆರು ವಾರ, ವಾರಕ್ಕೊಂದು ದಿನ ಹಾಸನದಲ್ಲಿ ನಿಮ್ಮ ಪ್ಲಾನರ್‌ಗಳ ಪಕ್ಕದಲ್ಲಿ ಕೂರುವುದು. ಮಾರಾಟ ವಿಭಾಗದವರನ್ನು ಕಳಿಸಿದರೆ ವಾಪಸ್ ಕಳಿಸಿ. ಒಪ್ಪಂದದಲ್ಲಿ ಇದನ್ನು ಈ ಮೇ ತಿಂಗಳಲ್ಲೇ ಬರೆಸಿಕೊಳ್ಳಿ. ನವೆಂಬರ್‌ನಲ್ಲಿ ಕೇಳಿದರೆ ಜನ ಸಿಗುವುದಿಲ್ಲ.